ವೋಲ್ಟ್ ಯುರೋಪಾ: ಗಡಿ ದಾಟಿದ ಪಕ್ಷ

ಬ್ರಿಟನ್ ಲಿಸ್ಬನ್ ಒಪ್ಪಂದದ 50ನೇ ವಿಧಿಯಡಿ ಬ್ರೆಕ್ಸಿಟ್ ಪ್ರಕ್ರಿಯೆಗೆ ಅಧಿಕೃತವಾಗಿ ಚಾಲನೆ ಕೊಟ್ಟ 2017ರ ಮಾರ್ಚ್ 29ರಂದೇ ವೋಲ್ಟ್ ಹುಟ್ಟಿತು. ಸ್ಥಾಪಕರು ಮೂವರು: ಇಟಲಿಯ ಆಂಡ್ರಿಯಾ ವೆನ್ಜೋನ್, ಫ್ರಾನ್ಸಿನ ಕೊಲಂಬ್ ಕಾಹೆನ್-ಸಾಲ್ವಡಾರ್, ಜರ್ಮನಿಯ ಡಾಮಿಯನ್ ಬೋಸೆಲಾಗರ್.

ಇದು ಎಂಥ ಪಕ್ಷ? ಪರೀಕ್ಷಾರ್ಥಿಗಳು ಎಡವುವುದು ಇಲ್ಲೇ. ಯುರೋಪಿಯನ್ ಪೀಪಲ್ಸ್ ಪಾರ್ಟಿಯಂಥವು ರಾಷ್ಟ್ರೀಯ ಪಕ್ಷಗಳ ಒಕ್ಕೂಟಗಳು. ವೋಲ್ಟ್‌ಗಾದರೋ ಎಲ್ಲ ದೇಶಗಳಲ್ಲೂ ಒಂದೇ ಹೆಸರು, ಒಂದೇ ನೇರಳೆ ಬಣ್ಣ. 2018ರ ಆಮ್‌ಸ್ಟರ್‌ಡ್ಯಾಮ್ ಘೋಷಣೆಯೇ 2019ರ ಯುರೋಪಿಯನ್ ಪಾರ್ಲಿಮೆಂಟ್ ಚುನಾವಣೆಗೆ ಅದರ ಸಮಾನ ಪ್ರಣಾಳಿಕೆ. ಸಂಯುಕ್ತ ಯುರೋಪ್ ಅದರ ಗುರಿ.

ಪಕ್ಷ ಗಡಿ ದಾಟಿದರೂ ಚುನಾವಣಾ ಕಾನೂನು ದಾಟಲಿಲ್ಲ! 2019ರಲ್ಲಿ 1,50,000 ಸಹಿ ಕೇಳುವ ಇಟಲಿಯಲ್ಲಿ ಅದು ಕಣಕ್ಕೇ ಇಳಿಯಲಿಲ್ಲ. ಕನಿಷ್ಠ ಮತಮಿತಿ ಇಲ್ಲದ ಜರ್ಮನಿಯಲ್ಲಿ ಮಾತ್ರ ಶೇ 0.7 ಮತಕ್ಕೇ ಒಂದು ಸ್ಥಾನ ದಕ್ಕಿ, ಬೋಸೆಲಾಗರ್ ಸಂಸದರಾದರು. ಅಲ್ಲಿನ ಗ್ರೀನ್ಸ್–ಇಎಫ್‌ಎ ಸಂಸದೀಯ ಗುಂಪು ಸೇರಿದರು. 2021ರಲ್ಲಿ ನೆದರ್‌ಲ್ಯಾಂಡ್ಸ್ ಸಂಸತ್ತಿನ ಕೆಳಮನೆಯಲ್ಲಿ 3 ಸ್ಥಾನ. 2024ರಲ್ಲಿ ಯುರೋಪಿಯನ್ ಪಾರ್ಲಿಮೆಂಟಿಗೆ ಜರ್ಮನಿಯಿಂದ 3, ನೆದರ್‌ಲ್ಯಾಂಡ್ಸ್‌ನಿಂದ 2, ಒಟ್ಟು 5 ಸದಸ್ಯರು. 720 ಸದಸ್ಯರ ಸದನದಲ್ಲಿ ಇದು ಸಣ್ಣ ಸಂಖ್ಯೆಯೇ.