ತಂತಿ, ಟೆಲಿಫೋನು, ಮೊಬೈಲು
(ಅಂತಿಮ ಬಿ.ಎ. ವಿದ್ಯಾರ್ಥಿನಿ)

ಹೊಸ ಸಾಧನವೊಂದು ಬಂದೊಡನೆ ಹಳೆಯದು ಅಳಿದುಹೋಗುವುದೆಂದು ಸಾಮಾನ್ಯವಾಗಿ ಹೇಳುವುದುಂಟು. ಸುದ್ದಿ ಸಾಗಿಸುವ ಸಾಧನಗಳ ಚರಿತ್ರೆಯನ್ನು ನೋಡಿದರೆ ಈ ಮಾತು ಪೂರ್ಣ ಸತ್ಯವೆನ್ನಲಾಗದು.

ನಮ್ಮ ದೇಶದಲ್ಲಿ ಮೊದಲ ತಂತಿಯನ್ನು 1850ರಲ್ಲಿ ಕಲ್ಕತ್ತೆಗೂ ಡೈಮಂಡ್ ಹಾರ್ಬರಿಗೂ ನಡುವೆ ಪ್ರಯೋಗಾರ್ಥವಾಗಿ ಎಳೆದರು. 2013ರ ಜುಲೈ 14ರಂದು ಕಡೆಯ ತಂತಿಗಳನ್ನು ಸ್ವೀಕರಿಸಿ ಆ ಸೇವೆಯನ್ನು ಮುಗಿಸಲಾಯಿತು. ಮೊಬೈಲಿನ ಮೊದಲ ಕರೆಯಾದರೋ 1995ರ ಜುಲೈ 31ರಷ್ಟು ಹಿಂದಿನದು; ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದರು. ಎಂದಮೇಲೆ ಸುಮಾರು ಹದಿನೆಂಟು ವರ್ಷಗಳ ಕಾಲ ಇವೆರಡೂ ಜೊತೆಯಲ್ಲಿಯೇ ಬಾಳಿದವು.

ತಂತಿಯ ಕಸುಬನ್ನು ಮೊದಲು ಕಸಿದದ್ದು ಮೊಬೈಲಲ್ಲ, ಟೆಲಿಫೋನು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ಹಳ್ಳಿಗಳ ಬಿಸಿಲು ಧೂಳುಗಳನ್ನು ತಡೆದುಕೊಳ್ಳಬಲ್ಲ ಚಿಕ್ಕ ಎಕ್ಸ್‌ಚೇಂಜನ್ನು ರೂಪಿಸಿತು. ತಂಪುಯಂತ್ರದ ಅಗತ್ಯವಿಲ್ಲದ ಆ ಎಕ್ಸ್‌ಚೇಂಜು ಮೊಟ್ಟಮೊದಲು ನೆಲೆಗೊಂಡದ್ದು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ. ಚೆನ್ನಮ್ಮನ ಊರೆಂದು ಬಲ್ಲ ನಾವು ಇದನ್ನೂ ಬಲ್ಲವರಾಗಬೇಡವೆ? ಬಳಿಕ ಎಸ್.ಟಿ.ಡಿ. ಬೂತುಗಳು ಊರೂರಿಗೂ ಬಂದವು. ರಾತ್ರಿ ಹೊತ್ತು ದರ ಕಡಮೆಯೆಂದು ಜನ ಸಾಲುಗಟ್ಟಿ ನಿಲ್ಲುತ್ತಿದ್ದರಂತೆ. ಹಾಗಿದ್ದೂ ತಂತಿಯನ್ನು ಕೆಲವರು ಬಿಡಲಿಲ್ಲ. ರಜೆ ಬೇಡುವ ಸೈನಿಕನಿಗೂ ನ್ಯಾಯಾಲಯಕ್ಕೆ ಹೋಗುವ ಕಕ್ಷಿಗಾರನಿಗೂ ಮುದ್ರೆ ಬಿದ್ದ ಕಾಗದ ಬೇಕಾಗಿತ್ತು. ಬಾಯಿಮಾತಿಗೆ ಸಾಕ್ಷಿಯೆಲ್ಲಿ?

ಆದರೆ ಅಕ್ಷರ ಬಾರದವರ ಪಾಲಿಗೆ ಕಾಗದವೆಂಬುದು ಬೇರೆಯೇ ಸಂಗತಿ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ತಂತಿ ಬಂತೆಂದರೆ ಅದನ್ನು ಒಡೆದು ಓದುವವರು ಸಿಗುವ ಮುನ್ನವೇ ಹೆಂಗಸರು ಅಳಲಾರಂಭಿಸುತ್ತಿದ್ದರೆಂದು ಅಜ್ಜಿ ಹೇಳುತ್ತಾಳೆ. ತವರಿಗೆ ಪತ್ರ ಬರೆಸುವುದೂ ಸುಲಭವಾಗಿರಲಿಲ್ಲ. "ಕಾಗದದಾಗ ಸುಖಾ ಅಷ್ಟ ಬರಸತಿದ್ನಿ, ಯವ್ವಾ. ಬರಿಯಾವ ಗಂಡನ ಮನಿ ಕಡಿಯವನ ಅಲ್ಲ?" ಎನ್ನುತ್ತಾಳೆ ಆಕೆ. ಪತ್ರಲೇಖನದ ಸೊಬಗು ಮಾಯವಾಯಿತೆಂದು ಮರುಗುವ ವಿದ್ವಾಂಸರು ಈ ಮಾತನ್ನೂ ಕೇಳಬೇಕೆಂದು ನನ್ನ ವಿನಂತಿ.

ಮೊಬೈಲು ಈ ನಡುವಣ ವ್ಯಕ್ತಿಯನ್ನು ತೆಗೆದುಹಾಕಿತು. ಮೊದಮೊದಲು ಬಂದ ಕರೆಗೂ ಹಣ ತೆರಬೇಕಾಗಿದ್ದುದರಿಂದ ಅದು ಸಿರಿವಂತರ ಸೊತ್ತಾಗಿತ್ತು. 2003ರಲ್ಲಿ ಕರೆ ಮಾಡಿದವನೇ ಹಣ ಕೊಡುವ ಪದ್ಧತಿ ಜಾರಿಗೆ ಬಂದ ಮೇಲೆ ಬಡವನೂ ಅದನ್ನು ಇಟ್ಟುಕೊಳ್ಳುವಂತಾಯಿತು. ಆಗ ಹಬ್ಬಿದ 'ಮಿಸ್ಡ್ ಕಾಲ್' ಎಂಬುದು ನಮ್ಮ ಜನರ ಜಾಣ್ಮೆಗೆ ಒಳ್ಳೆಯ ನಿದರ್ಶನ. ಒಮ್ಮೆ ಬಡಿದು ನಿಂತರೆ ಊರು ಮುಟ್ಟಿದೆನೆಂದು ಅರ್ಥ, ಎರಡು ಬಾರಿಯಾದರೆ ತಿರುಗಿ ಕರೆ ಮಾಡೆಂದು ಅರ್ಥ. ಕಾಸೂ ಬೇಡ, ಅಕ್ಷರವೂ ಬೇಡ.

ವಿಚಿತ್ರವೆಂದರೆ ಅದೇ ಮೊಬೈಲು ಈಗ ಮತ್ತೆ ಅಕ್ಷರವನ್ನು ಕೇಳುತ್ತಿದೆ. ಪಿಂಚಣಿ ಜಮೆಯಾದ ಸುದ್ದಿ ಇಂಗ್ಲಿಷಿನಲ್ಲಿ ಬರುತ್ತದೆ. ಬ್ಯಾಂಕಿನ ಗುಟ್ಟಿನ ಸಂಖ್ಯೆಯೂ ಹಾಗೆಯೇ. ಅಜ್ಜಿ ಅದನ್ನು ಹಿಡಿದುಕೊಂಡು ನನ್ನ ಬಳಿಗೆ ಬರುತ್ತಾಳೆ. ಅಂದು ಓದಿ ಹೇಳುತ್ತಿದ್ದ ಅಂಚೆಯವನ ಸ್ಥಾನದಲ್ಲಿ ಇಂದು ನಾನಿದ್ದೇನೆ. ನಾನಿಲ್ಲದಾಗ ಆ ಸಂಖ್ಯೆಯನ್ನು ಯಾರಿಗೆ ತೋರಿಸುತ್ತಾಳೋ ಎಂಬ ಚಿಂತೆ ನನಗಿದೆ. ಏಕೆಂದರೆ ಪತ್ರ ಓದಿದವನು ಗುಟ್ಟನ್ನಷ್ಟೇ ಅರಿಯುತ್ತಿದ್ದನು, ಈ ಸಂಖ್ಯೆಯನ್ನು ಓದಿದವನು ಹಣವನ್ನೇ ತೆಗೆಯಬಲ್ಲನು. ತನ್ನ ತಂಗಿಯೊಡನೆ ಮಾತ್ರ ಆಕೆಗೆ ಈ ತೊಡಕಿಲ್ಲ. ವಾಟ್ಸಾಪಿನ ಧ್ವನಿಗುರುತನ್ನು ಒತ್ತಿ ಹಿಡಿದು, ನಮ್ಮನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿಕೊಂಡು ಮಾತನಾಡುತ್ತಾಳೆ.