ಹಾರುವ ಮುನ್ನ ಹಾರಿದ ವಿಮಾನ

2001ನೆಯ ಇಸವಿ ಜನವರಿ 4ರಂದು ಬೆಂಗಳೂರಿನ ಎಚ್.ಎ.ಎಲ್. ವಿಮಾನ ನಿಲ್ದಾಣದಲ್ಲಿ ಪುಟ್ಟ ಯುದ್ಧವಿಮಾನವೊಂದು ಸಜ್ಜಾಗಿ ನಿಂತಿತ್ತು. ಅಂದಿನವರೆಗೆ ಅದು ಒಮ್ಮೆಯೂ ನೆಲವನ್ನು ಬಿಟ್ಟು ಮೇಲೆದ್ದಿರಲಿಲ್ಲ. ಆದರೂ ಅದರೊಳಗೆ ಕುಳಿತಿದ್ದ ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಅವರಿಗೆ ಅದರ ಸ್ವಭಾವವು ಅಪರಿಚಿತವಾಗಿರಲಿಲ್ಲ. ನೆಲದ ಮೇಲಿನ ಕೊಠಡಿಯಲ್ಲಿ ಕುಳಿತು ಅವರು ಆ ವಿಮಾನವನ್ನು ಅನೇಕ ಬಾರಿ ‘ಹಾರಿಸಿದ್ದರು’. ಹಾರದ ವಿಮಾನವನ್ನು ಹಾರಿಸುವುದು ಹೇಗೆ ಸಾಧ್ಯ?

ಈ ವಿಮಾನವನ್ನು ರೂಪಿಸುವ ಹೊಣೆಯು 1984ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿಯದಾಗಿತ್ತು. ಇತರ ಹಲವು ವಿಮಾನಗಳಿಗಿರುವಂತೆ ಇದರ ಬಾಲದಲ್ಲಿ ಅಡ್ಡರೆಕ್ಕೆಗಳಿಲ್ಲ. ಗಾಳಿಯಲ್ಲಿ ಥಟ್ಟನೆ ತಿರುಗುವ ಚುರುಕು ಬರಲೆಂದು ಇದನ್ನು ಉದ್ದೇಶಪೂರ್ವಕವಾಗಿಯೇ ಅಸ್ಥಿರವಾಗಿ ರಚಿಸಲಾಯಿತು. ಅಂಗೈಯ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸಲು ಯತ್ನಿಸಿದವರಿಗೆ ಇದರ ಕಷ್ಟವು ತಿಳಿದೀತು. ಕೋಲು ವಾಲಿದೆಡೆಗೆ ಕೈಯೂ ಕ್ಷಣಕ್ಷಣಕ್ಕೆ ಸರಿಯಬೇಕು. ಅಷ್ಟು ಶೀಘ್ರವಾಗಿ ವಿಮಾನವನ್ನು ಸರಿದೂಗಿಸುವುದು ಮನುಷ್ಯನಿಗೆ ಅಸಾಧ್ಯ. ಆದುದರಿಂದ ಆ ಕೆಲಸವನ್ನು ಗಣಕಯಂತ್ರಕ್ಕೆ ವಹಿಸಲಾಯಿತು. ವೈಮಾನಿಕನ ಅಪ್ಪಣೆಯು ತಂತಿಗಳ ಮೂಲಕ ಗಣಕವನ್ನು ಸೇರುತ್ತದೆ; ಅದು ಲೆಕ್ಕ ಹಾಕಿದ ಬಳಿಕವೇ ರೆಕ್ಕೆಯಂಚಿನ ಫಲಕಗಳು ಚಲಿಸುತ್ತವೆ.

ಈ ಲೆಕ್ಕ ತಪ್ಪಿದರೆ ಒದಗುವ ವಿಪತ್ತಿಗೆ ಸ್ವೀಡನ್ ದೇಶದ ಗ್ರಿಪೆನ್ ವಿಮಾನವು ನಿದರ್ಶನವಾಗಿದೆ. 1988ರ ಡಿಸೆಂಬರಿನಲ್ಲಿ ಮೊದಲು ಹಾರಿದ ಅದು 1989ರ ಫೆಬ್ರವರಿ 2ರಂದು ನೆಲಕ್ಕಿಳಿಯುವಾಗ ಮೇಲೆ ಕೆಳಗೆ ತೂಗಾಡಿ, ಉರುಳಿಬಿದ್ದಿತು. ವೈಮಾನಿಕನ ಕೈಯ ಚಲನೆಯೂ ಗಣಕದ ಪ್ರತಿಕ್ರಿಯೆಯೂ ಪರಸ್ಪರ ಹೊಂದಿಕೊಳ್ಳದೆ ಈ ಅವಘಡ ಸಂಭವಿಸಿತು. ವೈಮಾನಿಕನು ಬದುಕಿ ಉಳಿದುದು ಅದೃಷ್ಟವೇ ಸರಿ.

ಇಂತಹ ತಪ್ಪುಗಳನ್ನು ನೆಲದ ಮೇಲೆಯೇ ಕಂಡುಹಿಡಿಯುವುದು ಬೆಂಗಳೂರಿನ ತಂತ್ರಜ್ಞರ ಗುರಿಯಾಗಿತ್ತು. ಮೊದಲು ವಿಮಾನದ ಚಿಕ್ಕ ಮಾದರಿಗಳನ್ನು ಗಾಳಿಸುರಂಗದಲ್ಲಿಟ್ಟು, ಅವುಗಳ ಮೇಲೆ ಗಾಳಿಯು ಬೀರುವ ಬಲವನ್ನು ಅಳೆದರು. ಆ ಅಳತೆಗಳನ್ನು ಸಮೀಕರಣಗಳಾಗಿಸಿ ಗಣಕಕ್ಕೆ ಉಣಿಸಿದರು. ಹೀಗೆ ಲೋಹದ ವಿಮಾನವು ಹಾರುವುದಕ್ಕೆ ಮೊದಲೇ ಗಣಿತದ ವಿಮಾನವೊಂದು ಹುಟ್ಟಿತು. ವೈಮಾನಿಕನು ಅಣಕು ಕೋಣೆಯಲ್ಲಿ ಕುಳಿತು ಹಿಡಿಕೆಯನ್ನೆಳೆದರೆ, ಎದುರಿನ ಪರದೆಯ ಮೇಲೆ ಆಕಾಶವೂ ಓಡುದಾರಿಯೂ ಅದಕ್ಕೆ ತಕ್ಕಂತೆ ವಾಲುತ್ತಿದ್ದವು. ಅಡ್ಡಗಾಳಿ ಬೀಸಿದರೆ ಏನಾಗುವುದು? ಉಪಕರಣವೊಂದು ಕೆಟ್ಟರೆ ಏನಾಗುವುದು? ಇವೆಲ್ಲವನ್ನೂ ಅಲ್ಲಿ ಪರೀಕ್ಷಿಸಬಹುದಾಗಿತ್ತು. ಆ ವಿಮಾನವು ನೆಲಕ್ಕಪ್ಪಳಿಸಿದರೂ ಯಾರ ಪ್ರಾಣಕ್ಕೂ ಹಾನಿಯಿರಲಿಲ್ಲ. ಮತ್ತೆ ಮೊದಲಿನಿಂದ ಹಾರಿಸಿದರಾಯಿತು. ಇದರ ಜೊತೆಗೆ ನಿಜವಾದ ಗಣಕಗಳನ್ನೂ ಫಲಕಗಳನ್ನು ಚಲಿಸುವ ಯಂತ್ರಗಳನ್ನೂ ಕಬ್ಬಿಣದ ಚೌಕಟ್ಟಿಗೆ ಜೋಡಿಸಿ ಪರೀಕ್ಷಿಸಿದರು. ಈ ಚೌಕಟ್ಟಿಗೆ ‘ಕಬ್ಬಿಣದ ಹಕ್ಕಿ’ ಎಂದು ಹೆಸರು.

ಇದೇ ವಿಧಾನದ ಮುಂದುವರಿದ ರೂಪವೇ ‘ವರ್ಚುವಲ್ ರಿಯಾಲಿಟಿ’ ಅಥವಾ ಮಿಥ್ಯಾವಾಸ್ತವ. ಕಣ್ಣಿಗೆ ವಿಶೇಷ ಉಪಕರಣವನ್ನು ಧರಿಸಿದ ತಂತ್ರಜ್ಞನು ಇನ್ನೂ ಕಟ್ಟದ ಯಂತ್ರದೊಳಗೆ ನಿಂತಂತೆ ಸುತ್ತಲೂ ನೋಡಬಲ್ಲನು. ದುರಸ್ತಿಗಾರನ ಕೈ ಮೂಲೆಯ ತಿರುಪಿಗೆ ಎಟಕುವುದೇ ಎಂಬುದನ್ನೂ ಮೊದಲೇ ಅರಿಯಬಲ್ಲನು. ಕಾಗದದ ನಕ್ಷೆಯಲ್ಲಿ ಇಂತಹ ತಪ್ಪನ್ನು ತಿದ್ದಲು ಅಳಿಸುವ ರಬ್ಬರು ಸಾಕು. ಕಟ್ಟಿ ಮುಗಿದ ಮೇಲೆ ತಿದ್ದಲು ಅಪಾರ ಹಣವೂ ಕಾಲವೂ ಬೇಕು.

ಆದರೆ ಒಂದು ಎಚ್ಚರಿಕೆಯು ಅವಶ್ಯ. ನಾವು ತಿಳಿಸಿದುದನ್ನು ಮಾತ್ರವೇ ಗಣಕವು ಬಲ್ಲದು. ನಮಗೆ ಹೊಳೆಯದ ಅಪಾಯವು ಅದರ ಲೆಕ್ಕಕ್ಕೂ ಬಾರದು. ಆದುದರಿಂದಲೇ ಎಷ್ಟೇ ಅಣಕು ಹಾರಾಟಗಳಾದರೂ ಕೊನೆಗೊಮ್ಮೆ ಮನುಷ್ಯನು ನಿಜವಾದ ಆಕಾಶಕ್ಕೆ ಏರಲೇಬೇಕು.

ಅಂದು ವಿಮಾನವು 18 ನಿಮಿಷಗಳ ಕಾಲ ಹಾರಾಡಿ ಸುರಕ್ಷಿತವಾಗಿ ನೆಲಕ್ಕಿಳಿಯಿತು. 2003ರಲ್ಲಿ ಅದಕ್ಕೆ ‘ತೇಜಸ್’ ಎಂದು ನಾಮಕರಣವಾಯಿತು. ಆ ಕೆಲವೇ ನಿಮಿಷಗಳ ಹಿಂದೆ, ನೆಲದ ಮೇಲೆ ತಪ್ಪುಗಳನ್ನು ಹುಡುಕಿ ತಿದ್ದಿದವರ ವರ್ಷಗಳ ಶ್ರಮವಿತ್ತು.