ಸಭೆಗೆ ಹೋಗಿ, ನಂಬರ್ ಮನೆಯಲ್ಲಿಡಿ

ಗ್ರಾಮಸಭೆಯಲ್ಲಿ ಗುರುತು ಸಿಗದಂತೆ ಕೂರುವುದು ಆಗದ ಮಾತು. ಟವೆಲ್ ಹೊದ್ದು ಮೂಲೆ ಸೇರಿದರೂ ಕೆಮ್ಮಿನಲ್ಲೇ ‘ಇದು ಮೇಲಿನ ಕೇರಿಯವನು’ ಎಂದು ಗೊತ್ತಾಗಿಬಿಡುತ್ತದೆ. ಮುಖ ಮುಚ್ಚಿಡಲು ಹೆಣಗುವ ಬದಲು ಮುಚ್ಚಿಡಬಹುದಾದ್ದನ್ನು ಮುಚ್ಚಿಡೋಣ.

1. ಎಂಥ ಸಭೆ ಎಂದು ಮೊದಲೇ ವಿಚಾರಿಸಿ. ಗ್ರಾಮಸಭೆ ಮತದಾರರ ಸಭೆ. ಕೋರಂ ಲೆಕ್ಕಕ್ಕೆ ನಿಮ್ಮ ಸಹಿ ಬೇಕೇ ಬೇಕು. ಗಣಿಯೋ ಕಾರ್ಖಾನೆಯೋ ಬರುವಾಗ ನಡೆಯುವ ಪರಿಸರ ಸಾರ್ವಜನಿಕ ಆಲಿಕೆಯ ದಾರಿ ಬೇರೆ. 2006ರ ಪರಿಸರ ಪರಿಣಾಮ ಅಂದಾಜು (ಇಐಎ) ಅಧಿಸೂಚನೆಯಂತೆ ಅದಕ್ಕೆ ಕೋರಂ ಇಲ್ಲ. ಆದರೆ ಇಡೀ ಕಲಾಪ ವಿಡಿಯೊ ಆಗುತ್ತದೆ, ಹಾಜರಿದ್ದವರ ಪಟ್ಟಿಯೂ ನಡವಳಿಯ ಜತೆ ಹೋಗುತ್ತದೆ. ಕ್ಯಾಮೆರಾ ಮುಂದೆ ನಿಲ್ಲಲು ಅಂಜಿಕೆಯಾದರೆ ಆಕ್ಷೇಪಣೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರವಣಿಗೆಯಲ್ಲಿ ಮೊದಲೇ ಕಳಿಸಬಹುದು.

2. ಹೆಸರು, ಊರು, ಸಹಿ. ಅಲ್ಲಿಗೆ ನಿಲ್ಲಿಸಿ. ಹಾಜರಿ ಪುಸ್ತಕದಲ್ಲಿ ಮೊಬೈಲ್ ಕಾಲಂ ಇದ್ದರೆ ಅಡ್ಡಗೆರೆ ಎಳೆಯಿರಿ. ಪುಸ್ತಕ ನೂರು ಕೈ ದಾಟುತ್ತದೆ, ನೂರು ಕೈಯಲ್ಲೂ ಫೋನಿದೆ. ಹೆಸರು ಮಾತ್ರ ತಪ್ಪಿಸಲಾಗದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಥಳೀಯ ಆಡಳಿತದ ಸಭೆಗಳಿಗಿರುವ ಬ್ರೌನ್ ಕಾಯ್ದೆಯ ಪ್ರಕಾರ ಸಭೆಗೆ ಬಂದವರು ಹೆಸರು ಬರೆದರೆ ಮಾತ್ರ ಒಳಗೆ ಎನ್ನುವಂತಿಲ್ಲ. ಅಲ್ಲಿನ ಕುಪರ್ಟಿನೊ ಊರಿನಲ್ಲಿರುವ ಕನ್ನಡಿಗರಿಗೆ ಈ ಭಾಗ್ಯವುಂಟು, ನಮಗಿಲ್ಲ.

3. ಖಾಲಿ ಜಾಗದ ಕೆಳಗೆ ಸಹಿ ಬೇಡ. ಇದೊಂದನ್ನು ಮಾತ್ರ ಮರೆಯಬೇಡಿ. ‘ಹಾಜರಿಗೆ ಅಷ್ಟೇ, ಹಾಕಿ ಅಣ್ಣ’ ಎಂದು ಹಾಳೆ ಬರುತ್ತದೆ. ಮೇಲೆ ಅರ್ಧ ಪುಟ ಬಿಳಿ. ನಾಳೆ ಅಲ್ಲಿ ಏನು ಬೇಕಾದರೂ ಬರೆದುಕೊಳ್ಳಬಹುದು. ನೀವು ವಿರೋಧಿಸಿದ ಕಾಮಗಾರಿಗೆ ನೀವೇ ಒಪ್ಪಿದಿರಿ ಎಂದಾದರೂ ಆದೀತು. ಸಹಿಯ ಪಕ್ಕ ತಾರೀಖು ಹಾಕಿ, ‘ಹಾಜರಾತಿಗೆ ಮಾತ್ರ’ ಎಂದು ಬರೆಯಿರಿ. ಯಾರಾದರೂ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ.

4. ಆಧಾರ್ ಜೆರಾಕ್ಸ್ ಹಂಚಬೇಡಿ. ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಮೇಲೆ ಯಾವ ಕೆಲಸಕ್ಕೆ ಎಂದು ಅಡ್ಡ ಬರೆಯಿರಿ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತಲ್ಲ, ಆಧಾರ್ ಪ್ರಶ್ನಿಸಿ ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

5. ಚರಂಡಿಯ ಬಗ್ಗೆ ಮೈಕಿನಲ್ಲಿ ಕೂಗಿ. ಕಾಯಿಲೆ, ಸಾಲ, ಸೊಸೆಯ ಪಿಂಚಣಿ ಇವನ್ನು ಅರ್ಜಿಯಲ್ಲಿ ಬರೆದು ಪಿಡಿಒ ಕೈಗೆ ಕೊಡಿ. ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳಿ.

6. ಒಬ್ಬರೇ ಎದ್ದು ನಿಲ್ಲಬೇಡಿ. ಮನವಿಯಲ್ಲಿ ಮೊದಲ ಸಹಿ ಹಾಕಿದವನೇ ಮುಖಂಡ ಎಂದು ಲೆಕ್ಕ. ಆಮೇಲಿನ ಕಿರಿಕಿರಿಯೂ ಅವನಿಗೇ. ಹಿಂದೆ ಹಡಗಿನ ನಾವಿಕರು ಇದಕ್ಕೊಂದು ಉಪಾಯ ಮಾಡಿದ್ದರು: ಸಹಿಗಳನ್ನು ಸಾಲಾಗಿ ಹಾಕದೆ ಚಕ್ರದಂತೆ ಸುತ್ತಲೂ ಹಾಕುವುದು. ಮೊದಲಿಗ ಯಾರು, ಪತ್ತೆ ಹಚ್ಚಲಿ ನೋಡೋಣ! ಹೆಸರೇ ಇಲ್ಲದ ಮೂಕರ್ಜಿಗಿಂತ ಇಪ್ಪತ್ತು ಹೆಸರಿನ ಚಕ್ರಕ್ಕೆ ತೂಕ ಹೆಚ್ಚು.

7. ಯಾರೋ ಒಬ್ಬ ಫೇಸ್‌ಬುಕ್ ಲೈವ್ ಬಿಟ್ಟಿರುತ್ತಾನೆ. ಬೈದು ಪ್ರಯೋಜನವಿಲ್ಲ. ಮಕ್ಕಳನ್ನು ಹಿಂದೆ ಕೂರಿಸಿ.

8. ಸಭೆ ಮುಗಿದ ಮೇಲೆ ನಡವಳಿಯ ನಕಲು ಪಡೆಯಿರಿ, ನಿಮ್ಮ ಮಾತು ಹೇಗೆ ದಾಖಲಾಗಿದೆ ನೋಡಿ. ಸುಮ್ಮನೆ ಕೇಳಿದರೆ ಕೊಡದಿದ್ದಲ್ಲಿ ಮಾಹಿತಿ ಹಕ್ಕು ಅರ್ಜಿ ಹಾಕಿ. 2005ರ ಕಾಯ್ದೆಯ 6(2)ನೇ ಸೆಕ್ಷನ್ ಪ್ರಕಾರ ಕಾರಣ ಹೇಳಬೇಕಿಲ್ಲ; ನಿಮ್ಮನ್ನು ಸಂಪರ್ಕಿಸಲು ಬೇಕಾದಷ್ಟು ವಿವರ ಕೊಟ್ಟರೆ ಮುಗಿಯಿತು. ‘ಯಾಕೆ ಬೇಕ್ರಿ ಇದು?’ ಎಂದು ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರೆ, ‘ಓದೋದಕ್ಕೆ ಸ್ವಾಮಿ’ ಎನ್ನಿ.